ಗಂಧಕವಿಲ್ಲದ ವೈನ್: ಮಾರ್ಸೆಲ್ ಲಾಪಿಯೇರ್ ತಗೊಂಡ ರಿಸ್ಕ್

ಹೋದ ಎಪಿಸೋಡ್ ಆದ್ಮೇಲೆ ಸುಮಾರು ಜನ ಕೇಳಿದ್ದು ಒಂದೇ ಪ್ರಶ್ನೆ: ವೈನ್ ಅಂದ್ರೆ ದ್ರಾಕ್ಷಿರಸ ಹುಳಿ ಬಂದು ಆಗೋದು ತಾನೇ, ಅದ್ರಲ್ಲಿ ‘ನ್ಯಾಚುರಲ್’ ಅಂತ ಬೇರೆ ಏನು? ಉತ್ತರಕ್ಕೆ ಫ್ರಾನ್ಸ್‌ಗೆ ಹೋಗೋಣ.

ಲಿಯಾನ್ ನಗರದ ಉತ್ತರಕ್ಕೆ ಬೋಜೊಲೆ ಅನ್ನೋ ಗುಡ್ಡದ ಸೀಮೆ ಇದೆ. ಅಲ್ಲಿನ ವಿಲಿಯೆ-ಮೊರ್ಗಾನ್ ಊರಲ್ಲಿ ಮಾರ್ಸೆಲ್ ಲಾಪಿಯೇರ್ 1973ರಲ್ಲಿ ಮನೆತನದ ದ್ರಾಕ್ಷಿ ತೋಟ ವಹಿಸಿಕೊಂಡರು. ಬೆಳೆ, ಗಮೆ ಅನ್ನೋ ಕಪ್ಪು ದ್ರಾಕ್ಷಿ. ಪಾಪ, ಈ ಗಮೆಗೆ ಮೊದಲಿಂದ್ಲೂ ಮರ್ಯಾದೆ ಕಡಿಮೆ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್ ಇದನ್ನ ಕಿತ್ತುಹಾಕಿ ಅಂತ ಆಜ್ಞೆನೇ ಹೊರಡಿಸಿದ್ದ.

ಆಗ ಬೋಜೊಲೆಯಲ್ಲಿ ದುಡ್ಡಿದ್ದಿದ್ದು ‘ನೂವೋ’ ವೈನ್‌ನಲ್ಲಿ. ಆ ವರ್ಷದ ಫಸಲು, ಕೆಲವೇ ವಾರದಲ್ಲಿ ಬಾಟಲಿಗೆ. ನವೆಂಬರ್‌ನಲ್ಲೇ ಮಾರಾಟ. ಇಷ್ಟು ಅವಸರದಲ್ಲಿ ಎಲ್ಲಾ ಬಾಟಲಿ ಒಂದೇ ಥರ ಬರಬೇಕಂದ್ರೆ? ಪ್ಯಾಕೆಟ್ ಯೀಸ್ಟ್ ಹಾಕು, ಆಲ್ಕೋಹಾಲ್ ಏರೋಕೆ ಸಕ್ಕರೆ ಸುರಿ, ಕೆಡದೇ ಇರೋಕೆ ಸಲ್ಫರ್ ಡೈಆಕ್ಸೈಡ್ ಬೆರೆಸು.

ನಾನು ಬಿ.ಕಾಂ. ಓದಿದವನು, ನನಗೆ ಈ ಸಲ್ಫರ್ ಇನ್ಶೂರೆನ್ಸ್ ಪ್ರೀಮಿಯಂ ಥರ ಕಾಣುತ್ತೆ. ರೈತನಿಗೆ ವರ್ಷಕ್ಕೆ ಒಂದೇ ಫಸಲು. ತೊಟ್ಟಿಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಸೇರಿದರೆ ವರ್ಷದ ಆದಾಯ ವಿನಿಗರ್. ಪ್ರೀಮಿಯಂ ಕಟ್ಟಿದ್ರೆ ನಿದ್ದೆ ಬರುತ್ತೆ, ಆದ್ರೆ ಒಳ್ಳೆ ಯೀಸ್ಟೂ ಸಾಯುತ್ತೆ.

1980ರ ದಶಕದ ಶುರುವಿನಲ್ಲಿ ಲಾಪಿಯೇರ್‌ಗೆ ಜೂಲ್ ಶೋವೆ ಸಿಕ್ಕಿದರು. ವೈನ್ ವ್ಯಾಪಾರಿ, ಜೊತೆಗೆ ಯೀಸ್ಟ್ ಬಗ್ಗೆ ಸಂಶೋಧನೆ ಮಾಡಿದ್ದ ರಸಾಯನ ವಿಜ್ಞಾನಿ. ಗಮನಿಸಿ, ‘ಕೆಮಿಕಲ್ ಬೇಡ’ ಅಂತ ಹೇಳಿಕೊಟ್ಟವರು ಒಬ್ಬ ಕೆಮಿಸ್ಟ್! ಅವರ ಲೆಕ್ಕ ಸರಳ: ಸಲ್ಫರ್ ಬಿಡಬೇಕಾದ್ರೆ ಹಣ್ಣು ಶುದ್ಧವಾಗಿರಬೇಕು. ತೋಟಕ್ಕೆ ಕಳೆನಾಶಕ ಬೇಡ, ಕೈಯಲ್ಲೇ ಕೊಯ್ಲು, ಕೊಳೆತ ಒಂದೊಂದು ಕಾಳನ್ನೂ ಆರಿಸಿ ತೆಗಿ. ಆಮೇಲೆ ಗೊಂಚಲು ಜಜ್ಜದೆ ಹಾಗೇ ತೊಟ್ಟಿಗೆ. ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತೆ, ಆಮ್ಲಜನಕ ಇಲ್ಲದೆ ಇಡೀ ಹಣ್ಣಿನ ಒಳಗೇ ಬದಲಾವಣೆ ಶುರುವಾಗುತ್ತೆ. ಹೊರಗೆ ಬಂದ ರಸವನ್ನ ಹಣ್ಣಿನ ಮೇಲಿದ್ದ, ಉಗ್ರಾಣದಲ್ಲಿದ್ದ ಯೀಸ್ಟೇ ನೋಡಿಕೊಳ್ಳುತ್ತೆ. ನಮ್ಮ ದೋಸೆ ಹಿಟ್ಟಿಗೆ ಯಾರು ಯೀಸ್ಟ್ ಹಾಕ್ತಾರೆ ಹೇಳಿ?

‘ಕಡಿಮೆ ಹಸ್ತಕ್ಷೇಪ’ ಅನ್ನೋ ಮಾತು ಸ್ವಲ್ಪ ದಾರಿ ತಪ್ಪಿಸುತ್ತೆ. ತೊಟ್ಟಿಗೆ ಹಾಕೋದು ಕಮ್ಮಿ, ಕೂಲಿ ಮತ್ತೆ ಕಣ್ಣಿನ ಕೆಲಸ ಜಾಸ್ತಿ.

ಲಾಪಿಯೇರ್ ದಾರಿಗೆ ಅದೇ ಊರಿನ ಸುತ್ತಮುತ್ತಲ ಜಾನ್ ಫ್ವಾಯಾರ್, ಜಾನ್-ಪೋಲ್ ತೆವನೆ, ಗೀ ಬ್ರೆತೊನ್ ಕೂಡ ಬಂದರು. ಅಮೆರಿಕದ ಆಮದುದಾರ ಕರ್ಮಿಟ್ ಲಿಂಚ್ ಈ ನಾಲ್ವರಿಗೆ ‘ಗ್ಯಾಂಗ್ ಆಫ್ ಫೋರ್’ ಅಂತ ಹೆಸರಿಟ್ಟರು.

ಇನ್ನು ಲೆಕ್ಕ. ಯುರೋಪಿಯನ್ ಒಕ್ಕೂಟದಲ್ಲಿ ಸಾಮಾನ್ಯ ಡ್ರೈ ರೆಡ್ ವೈನ್‌ಗೆ ಲೀಟರಿಗೆ 150 ಮಿಲಿಗ್ರಾಂ ಸಲ್ಫೈಟ್ ತನಕ ಅವಕಾಶ. ಫ್ರಾನ್ಸ್‌ನಲ್ಲಿ 2020ರಲ್ಲಿ ಬಂದ ‘ವ್ಯಾನ್ ಮೆಥೋಡ್ ನಾತ್ಯೂರ್’ ಲೇಬಲ್‌ಗೆ ಮಿತಿ 30. ಪೂರ್ತಿ ಸೊನ್ನೆ ಕಷ್ಟ, ಯಾಕಂದ್ರೆ ಯೀಸ್ಟೇ ಸ್ವಲ್ಪ ಸಲ್ಫೈಟ್ ತಯಾರಿಸುತ್ತೆ. ಹಾಗಂತ ಇದು ಆರೋಗ್ಯದ ಪಾನೀಯ ಅಲ್ಲ, ಆಲ್ಕೋಹಾಲ್ ಆಲ್ಕೋಹಾಲೇ.

ಲಾಪಿಯೇರ್ 2010ರಲ್ಲಿ ತೀರಿಕೊಂಡರು. ಈಗ ತೋಟ ಮಕ್ಕಳಾದ ಮಾತ್ಯೂ, ಕಮಿಯ್ ಕೈಯಲ್ಲಿದೆ. ಅವರ ಮೊರ್ಗಾನ್ ಎರಡು ಥರ ಸಿಗುತ್ತೆ: ‘ಎನ್’ ಗುರುತಿನದ್ದಕ್ಕೆ ಸಲ್ಫರ್ ಹಾಕಿರಲ್ಲ, ‘ಎಸ್’ ಇದ್ದರೆ ಚೂರೇ ಚೂರು ಹಾಕಿರ್ತಾರೆ. ‘ಎನ್’ ಬಾಟಲಿ ಸೆಕೆಯಲ್ಲಿ ಇಟ್ಟರೆ ಕೆಡೋ ಸಾಧ್ಯತೆ ಇದೆ, ತಂಪಾದ ಜಾಗದಲ್ಲೇ ಇಡಬೇಕು.