ಪಾಪವಿಮೋಚನೆಯ ವಿಚಾರದಲ್ಲಿ ದೇವಗೌರವದ ಸ್ಥಾನ

ಬೀದರ್ ಜಿಲ್ಲೆಯ ದುಬಲಗುಂಡಿಯನ್ನೊಳಗೊಂಡ ಹುಮನಾಬಾದ್–ಬಸವಕಲ್ಯಾಣ ಪ್ರದೇಶವು ಧರ್ಮವಿಚಾರದ ಅಭ್ಯಾಸಿಗೆ ಎರಡು ಕಾರಣಗಳಿಂದ ಮುಖ್ಯವಾದುದು. ೧೨ನೆಯ ಶತಮಾನದಲ್ಲಿ ಕಲ್ಯಾಣವು ಶರಣರ ಕಾರ್ಯಕ್ಷೇತ್ರವಾಗಿತ್ತು. ೧೯ನೆಯ ಶತಮಾನದ ಕೊನೆಯ ಭಾಗದಿಂದ ಬೀದರ್ ಸೀಮೆಯಲ್ಲಿ ಅಮೆರಿಕದ ಮೆಥೊಡಿಸ್ಟ್ ಮಿಷನ್ ಕೆಲಸ ಮಾಡಿತು. ಆ ಸಭೆಯನ್ನು ಸೇರಿದವರಲ್ಲಿ ಹೆಚ್ಚಿನವರು ಅಸ್ಪೃಶ್ಯರೆನಿಸಿ ಊರ ಹೊರಗೆ ಬಾಳಬೇಕಾಗಿದ್ದ ಜನ. ತಮಗೇ ಮಾನವಿಲ್ಲದಂತೆ ಮಾಡಲ್ಪಟ್ಟಿದ್ದವರಿಗೆ, ದೇವರನ್ನು ಗೌರವಿಸದಿರುವುದೇ ಪಾಪವೆಂಬ ಬೋಧನೆಯ ಅರ್ಥವೇನು? ದೇವರೂ ವಂದನೆಯನ್ನು ಬಲಾತ್ಕಾರವಾಗಿ ಪಡೆಯುವ ಮತ್ತೊಬ್ಬ ಒಡೆಯನೇ? ಈ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಶಬ್ದಾರ್ಥವನ್ನು ಪರಿಶೀಲಿಸಬಹುದು. ಮಹಿಮೆಯನ್ನು ಸೂಚಿಸುವ ಹೀಬ್ರೂ ಭಾಷೆಯ ‘ಕಾವೋದ್’ ಎಂಬ ಪದವು ಭಾರವೆಂಬರ್ಥದ ಧಾತುವಿನಿಂದ ಬಂದುದು. ಸಂಸ್ಕೃತದ ‘ಗೌರವ’ವೂ ಭಾರವುಳ್ಳುದೆಂಬ ಅರ್ಥದ ‘ಗುರು’ ಶಬ್ದದಿಂದ ನಿಷ್ಪನ್ನವಾಗಿರುವುದು ಗಮನಾರ್ಹ. ಹೀಗೆ ದೇವರನ್ನು ಗೌರವಿಸುವುದೆಂದರೆ ಸ್ತುತಿಯಿಂದ ಆತನನ್ನು ಹಿಗ್ಗಿಸುವುದಲ್ಲ. ಆತನಿಗಿರುವ ತೂಕವನ್ನು ಇದ್ದಂತೆ ಅಂಗೀಕರಿಸುವುದು. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯದಲ್ಲಿ, ದೇವರನ್ನು ಅರಿತಿದ್ದೂ ಘನಪಡಿಸದೆ, ಕೃತಜ್ಞರಾಗದೆ ಹೋದುದನ್ನೇ ಮಾನವಪತನದ ಮೂಲವೆನ್ನುತ್ತಾನೆ. ಇತರ ದುರಾಚಾರಗಳ ಪಟ್ಟಿ ಬರುವುದು ಅನಂತರ. ಆದುದರಿಂದ ಪಾಪವು ಮೊದಲು ಸಂಬಂಧದ ಭಂಗ, ಆಮೇಲೆ ನಿಯಮದ ಭಂಗ.

ಈ ವಿಚಾರಕ್ಕೆ ತರ್ಕಬದ್ಧವಾದ ರೂಪವನ್ನು ಕೊಟ್ಟವನು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ (೧೦೩೩–೧೧೦೯). ‘ದೇವರು ಮನುಷ್ಯನಾದುದೇಕೆ’ ಎಂಬ ಅವನ ಲ್ಯಾಟಿನ್ ಗ್ರಂಥವು ೧೦೯೮ರಲ್ಲಿ ಮುಗಿಯಿತು. ಅವನ ಮತದಲ್ಲಿ ಮನುಷ್ಯನು ತನ್ನ ಇಚ್ಛೆಯನ್ನು ದೇವರಿಗೆ ಒಪ್ಪಿಸಬೇಕಾದುದು ಒಂದು ಋಣ. ಅದನ್ನು ಸಲ್ಲಿಸದಿರುವುದೇ ಪಾಪ. ಕದ್ದುದನ್ನು ಹಿಂದಿರುಗಿಸಿದ ಮಾತ್ರಕ್ಕೆ ಅವಮಾನವು ತೀರದು. ಅದಕ್ಕಿಂತ ಹೆಚ್ಚಿನದನ್ನು ಕೊಡಬೇಕು. ಆದರೆ ಮನುಷ್ಯನಲ್ಲಿರುವುದೆಲ್ಲವೂ ಮೊದಲೇ ದೇವರಿಗೆ ಸಲ್ಲತಕ್ಕುದಾದುದರಿಂದ ಹೆಚ್ಚಿಗೆ ಕೊಡಲು ಅವನಲ್ಲಿ ಏನೂ ಉಳಿದಿಲ್ಲ. ತೀರಿಸಬೇಕಾದವನು ಮನುಷ್ಯ, ತೀರಿಸಬಲ್ಲವನು ದೇವರು; ಆದಕಾರಣ ದೇವಮಾನವನಾದ ಕ್ರಿಸ್ತನ ಅವಶ್ಯಕತೆ. ಪಾಪರಹಿತನಾದ ಆತನು ಮರಣಕ್ಕೆ ಬಾಧ್ಯನಲ್ಲ. ಸ್ವೇಚ್ಛೆಯಿಂದ ಅರ್ಪಿಸಿದ ಆ ಪ್ರಾಣದ ಫಲವು ಮಾನವರಿಗೆ ಸಂದಿತು.

ಈ ವಾದದಲ್ಲಿ ಮಧ್ಯಯುಗದ ಯೂರೋಪಿನ ಒಡೆಯ–ಆಳುಗಳ ವ್ಯವಸ್ಥೆಯ ಛಾಯೆಯಿದೆಯೆಂಬ ಆಕ್ಷೇಪವುಂಟು. ೧೯೪೯ರಲ್ಲಿ ರದ್ದಾಗುವವರೆಗೆ ಹೈದರಾಬಾದ್ ಸಂಸ್ಥಾನದ ಜಹಗೀರುಗಳನ್ನು ಕಂಡ ಸೀಮೆಗೆ ಈ ಆಕ್ಷೇಪವು ಕೇವಲ ಗ್ರಾಂಥಿಕವಲ್ಲ. ಪೋಲಿಹೋದ ಮಗನ ಸಾಮ್ಯದಲ್ಲಿ ತಂದೆಯು ಯಾವ ಪರಿಹಾರವನ್ನೂ ಕೇಳದೆ ಓಡಿಬಂದು ಮಗನನ್ನು ಅಪ್ಪಿಕೊಳ್ಳುವುದನ್ನೂ ಆಕ್ಷೇಪಕರು ತೋರಿಸುತ್ತಾರೆ. ಆನ್ಸೆಲ್ಮನೇ ಇದಕ್ಕೆ ಭಾಗಶಃ ಸಮಾಧಾನ ಹೇಳಿದ್ದಾನೆ: ದೇವರ ಗೌರವವು ಸ್ವತಃ ಹೆಚ್ಚುವುದೂ ಇಲ್ಲ, ಕುಂದುವುದೂ ಇಲ್ಲ, ಪಾಪದಿಂದ ಕೆಡುವುದು ಸೃಷ್ಟಿಯ ಕ್ರಮ ಮತ್ತು ಸೌಂದರ್ಯ. ಎಂದರೆ ನಷ್ಟವು ಮನುಷ್ಯನದೇ. ಜಹಗೀರುದಾರನ ಮಾನವು ಆಳಿನ ಬಗ್ಗಿದ ಬೆನ್ನಿನಿಂದ ಬೆಳೆಯುತ್ತಿತ್ತು. ದೇವರ ಮಾನಕ್ಕೆ ಅಂತಹ ಆಧಾರ ಬೇಕಿಲ್ಲ.

ಮೆಥೊಡಿಸ್ಟ್ ಪಂಥದ ಪ್ರವರ್ತಕನಾದ ಜಾನ್ ವೆಸ್ಲಿ (೧೭೦೩–೧೭೯೧) ಕ್ರಿಸ್ತನ ಪ್ರಾಯಶ್ಚಿತ್ತವನ್ನು ಒಪ್ಪಿ, ಕೃಪೆಯು ಸರ್ವರಿಗೂ ಮುಕ್ತವೆಂದೂ ಪಾವಿತ್ರ್ಯವೆಂದರೆ ದೇವಪ್ರೇಮ ಹಾಗೂ ನೆರೆಯವನ ಪ್ರೇಮವೆಂದೂ ಬೋಧಿಸಿದನು. ಶರಣರ ದಾಸೋಹದಲ್ಲಿಯೂ, ಇರುವುದೆಲ್ಲವೂ ದೇವರದೆಂದು ತಿಳಿದು ಅದನ್ನು ಸಮಾಜಕ್ಕೆ ಸಲ್ಲಿಸುವ ಭಾವವಿದೆ. ಆದರೆ ಒಬ್ಬನ ಮರಣವು ಎಲ್ಲರ ಋಣವನ್ನು ತೀರಿಸುವುದೆಂಬ ಕಲ್ಪನೆ ಅಲ್ಲಿಲ್ಲ. ಈ ಭೇದವನ್ನು ಮರೆಮಾಡುವುದು ಉಚಿತವಲ್ಲ.

ಒಟ್ಟಿನಲ್ಲಿ, ಪರಮಗೌರವವು ದೇವರೊಬ್ಬನಿಗೇ ಸಲ್ಲತಕ್ಕುದೆಂದರೆ ಯಾವ ಮನುಷ್ಯನೂ ಅದನ್ನು ಮತ್ತೊಬ್ಬನಿಂದ ಕಸಿಯಲಾರನು. ಊರ ಹೊರಗಿನವನಿಗೆ ಈ ಸಿದ್ಧಾಂತವು ಬಿಡುಗಡೆಯ ವಾರ್ತೆಯಾಗಬಲ್ಲುದು ಇದೇ ಕಾರಣದಿಂದ. ಸಭೆಯೊಳಗೇ ಮೇಲುಕೀಳು ಉಳಿದಲ್ಲಿ ಅದು ದೇವರಿಗೆ ಸಲ್ಲಬೇಕಾದ ಋಣವನ್ನು ಉಳಿಸಿಕೊಂಡಂತೆಯೇ ಸರಿ.