ಮನೆ ಕಟ್ಟುವುದೂ ಒಂದು ಕಾಯಕ

ಅನ್ನ, ಅರಿವೆ, ಆಸರೆ ಇವು ಮೂರೂ ಮನುಷ್ಯನ ಬಾಳಿಗೆ ಆಧಾರವಾದವುಗಳು. ಅನ್ನದ ವಿಷಯದಲ್ಲಿ ದಾಸೋಹವೆಂಬ ತತ್ವವನ್ನು, ದುಡಿಮೆಯ ವಿಷಯದಲ್ಲಿ ಕಾಯಕವೆಂಬ ತತ್ವವನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ನಮಗೆ ಕರುಣಿಸಿದರು. ಆದರೆ ನಾವು ವಾಸಿಸುವ ಮನೆ, ನಡೆದಾಡುವ ಓಣಿ, ನೀರು ಕುಡಿಯುವ ಬಾವಿ ಇವುಗಳಿಗೆ ಆ ತತ್ವಗಳನ್ನು ಅನ್ವಯಿಸಿ ನೋಡುವ ಪರಿಪಾಠ ಮಾತ್ರ ನಮ್ಮ ಸಮಾಜದಲ್ಲಿ ಅಷ್ಟಾಗಿ ಬೆಳೆದುಬಂದಿಲ್ಲ. ದೊಡ್ಡ ನಗರಗಳಲ್ಲಿ ಈಗ ‘ಹಸಿರು ಕಟ್ಟಡ’ ಎಂಬ ಮಾತು ಬಳಕೆಗೆ ಬಂದಿದೆ. ಕಡಿಮೆ ಇಂಧನ, ಕಡಿಮೆ ನೀರು, ಹತ್ತಿರದಲ್ಲಿ ದೊರೆಯುವ ಸಾಮಗ್ರಿ ಇವುಗಳಿಂದ ನಿರ್ಮಿಸಿ, ಒಳಗಿರುವವರ ಆರೋಗ್ಯ ಕಾಯುವ ಕಟ್ಟಡವೆಂದು ಅದರ ಅರ್ಥ. ಮಾತು ಹೊಸದಾದರೂ ವಿಚಾರ ನಮಗೆ ಹಳೆಯದು.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳನ್ನು ಕಣ್ಣ ಮುಂದಿರಿಸಿಕೊಂಡು ನಾವು ಈ ವಿಚಾರವನ್ನು ವಿವೇಚಿಸಬಯಸುತ್ತೇವೆ. 2018ರ ಸುಮಾರಿಗೆ ಇವುಗಳಿಂದ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ ಮುಂತಾದ ಹೊಸ ತಾಲೂಕುಗಳು ಒಡೆದುಬಂದವು. ಆದರೆ ನೆಲದ ಗುಣ ಒಂದೇ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ; ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣು; ಏಪ್ರಿಲ್–ಮೇ ತಿಂಗಳುಗಳಲ್ಲಿ 40 ಡಿಗ್ರಿಯನ್ನು ದಾಟುವ ಬಿಸಿಲು. ಇಂಥ ನೆಲದಲ್ಲಿ ಮನೆ ಕಟ್ಟುವುದೆಂದರೆ ಬಿಸಿಲಿನೊಡನೆಯೂ ಮಣ್ಣಿನೊಡನೆಯೂ ಒಪ್ಪಂದ ಮಾಡಿಕೊಂಡಂತೆ.

ಮಾಳಿಗೆ ಮನೆಯ ತಂಪು

ನಮ್ಮ ಹಿರಿಯರು ಆ ಒಪ್ಪಂದವನ್ನು ಚೆನ್ನಾಗಿ ಅರಿತಿದ್ದರು. ಎರಡು ಅಡಿಗೂ ಮಿಗಿಲಾದ ಕಲ್ಲು-ಮಣ್ಣಿನ ಗೋಡೆ. ಕಂಬ, ತೊಲೆ, ಜಂತಿಗಳ ಮೇಲೆ ಹಲಗೆ ಅಥವಾ ಕಟ್ಟಿಗೆಯ ಚಕ್ಕೆ. ಅದರ ಮೇಲೆ ಗಟ್ಟಿಸಿ ಹಾಕಿದ ಸವಳು ಮಣ್ಣಿನ ಮಾಳಿಗೆ. ನಡುವೆ ಒಂದು ಬೆಳಕಿಂಡಿ. ಇಂಥ ಮನೆಯನ್ನು ಹೊಕ್ಕರೆ ಹೊರಗಿನ ಬೆಂಕಿಯಂಥ ಬಿಸಿಲು ಮರೆತುಹೋಗುತ್ತಿತ್ತು.

ಇದರ ಕಾರಣ ಸರಳವಾದುದು. ದಪ್ಪ ಗೋಡೆ ಮತ್ತು ಮಣ್ಣಿನ ಮಾಳಿಗೆ ಹಗಲಿನ ಬಿಸಿಯನ್ನು ತಾವೇ ಹೀರಿಕೊಳ್ಳುತ್ತವೆ. ಆ ಬಿಸಿ ಒಳಮೈಯನ್ನು ತಲುಪಲು ಹಲವು ತಾಸುಗಳು ಬೇಕು. ಅಷ್ಟರಲ್ಲಿ ಸೂರ್ಯ ಮುಳುಗಿ ಹೊರಗಿನ ಗಾಳಿ ತಣ್ಣಗಾಗಿರುತ್ತದೆ. ಒಳಗೆ ಏರಿದ ಬಿಸಿ ಗಾಳಿ ಬೆಳಕಿಂಡಿಯಿಂದ ಹೊರಬೀಳುತ್ತದೆ. ಕಲ್ಲು ಊರ ಹಳ್ಳದ್ದು, ಮಣ್ಣು ಊರ ಮಗ್ಗುಲಿನದು, ಕಟ್ಟಿಗೆ ಹೊಲದ ಬದುವಿನ ಬೇವು-ಜಾಲಿಯದು. ಮನೆ ಬಿದ್ದರೆ ಅದರ ಮಣ್ಣು ಮತ್ತೊಂದು ಮನೆಗೆ ಬರುತ್ತಿತ್ತು. ತಾಳಿಕೋಟೆಯ ಕಡೆಯ ಪರಸಿ ಕಲ್ಲು ನೆಲಕ್ಕೆ ಹಾಸಾಗುತ್ತಿತ್ತು. ಹಸಿರು ಕಟ್ಟಡವೆಂದು ಇಂದು ಯಾವುದನ್ನು ಹೊಗಳುತ್ತಾರೆಯೋ ಅದರ ಬಹುಪಾಲು ಲಕ್ಷಣಗಳು ಅಲ್ಲಿದ್ದವು.

ಎರಡು ಎಚ್ಚರಿಕೆಗಳು

ಹಾಗೆಂದು ಹಳೆಯದೆಲ್ಲವನ್ನೂ ಕಣ್ಣುಮುಚ್ಚಿ ಕೊಂಡಾಡುವುದು ವಿವೇಕವಲ್ಲ. ಈ ಮನೆಗಳ ದೋಷವನ್ನು ಎರಡು ದುರಂತಗಳು ನಮಗೆ ತೋರಿಸಿಕೊಟ್ಟಿವೆ.

ಮೊದಲನೆಯದು 1993ರ ಸಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಆದ ಭೂಕಂಪ. ಗಣೇಶ ವಿಸರ್ಜನೆ ಮುಗಿಸಿ ಜನ ಗಾಢ ನಿದ್ರೆಯಲ್ಲಿದ್ದರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಹೊರಮೈ ಒಂದು ಕಡೆಗೆ, ಒಳಮೈ ಒಂದು ಕಡೆಗೆ ಸೀಳಿ ಬಿದ್ದವು. ವರುಷವರುಷವೂ ಮಣ್ಣು ಹೇರಿ ಭಾರವಾಗಿದ್ದ ಮಾಳಿಗೆಗಳು ಮಲಗಿದವರ ಮೇಲೆ ಕುಸಿದವು. ಸಾವಿರಾರು ಜನ ತಮ್ಮ ತಮ್ಮ ಮನೆಗಳಡಿಯಲ್ಲಿಯೇ ಅಸುನೀಗಿದರು. 2021ರಲ್ಲಿ ನಮ್ಮ ಬಸವನ ಬಾಗೇವಾಡಿ, ಸಿಂದಗಿಗಳ ಸುತ್ತಲೂ ಭೂಮಿ ಲಘುವಾಗಿ ನಡುಗಿದಾಗ ಜನ ರಾತ್ರಿಯಿಡೀ ಅಂಗಳದಲ್ಲಿ ಕಳೆದುದಕ್ಕೆ ಕಿಲ್ಲಾರಿಯ ನೆನಪೇ ಕಾರಣ.

ಎರಡನೆಯದು 2009ರ ಸಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಉತ್ತರ ಕರ್ನಾಟಕದಲ್ಲಿ ಸುರಿದ ಮಹಾಮಳೆ. ನೆಂದ ಗೋಡೆಗಳು, ನೀರು ಕುಡಿದ ಮಾಳಿಗೆಗಳು ಊರೂರುಗಳಲ್ಲಿ ನೆಲಕ್ಕೊರಗಿದವು. ಅನಂತರ ಸರಕಾರವು ದಾನಿಗಳ ನೆರವಿನಿಂದ ‘ಆಸರೆ’ ಎಂಬ ಹೆಸರಿನಲ್ಲಿ ಮನೆಗಳನ್ನು ಕಟ್ಟಿಸಿಕೊಟ್ಟಿತು. ಉದ್ದೇಶ ಸ್ತುತ್ಯವಾದುದೇ. ಆದರೆ ಹಲವೆಡೆ ಆ ಮನೆಗಳು ಬಳಕೆಯಾಗದೆ ಉಳಿದವು. ಎತ್ತು ಕಟ್ಟಲು ಜಾಗವಿಲ್ಲ, ಜೋಳದ ಚೀಲಕ್ಕೆ ಸ್ಥಳವಿಲ್ಲ, ಹೊಲ ದೂರ, ನೀರು ದೂರ. ಒಕ್ಕಲಿಗನ ಬಾಳನ್ನು ಕೇಳದೆ ಕಟ್ಟಿದ ಮನೆ ಎಷ್ಟು ಗಟ್ಟಿಯಾದರೇನು?

ಇವೆರಡರಿಂದ ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ಇಂದಿಗೂ ಮಾಳಿಗೆ ಮನೆಯಲ್ಲಿರುವವರು ಹಳೆಯ ಮಣ್ಣಿನ ಮೇಲೆ ಮತ್ತೆ ಮಣ್ಣು ಹೇರುವುದನ್ನು ನಿಲ್ಲಿಸಬೇಕು. ಹಳೆಯ ಪದರವನ್ನು ಕೆರೆದು ಭಾರ ಇಳಿಸಿ, ನೀರು ನಿಲ್ಲದಂತೆ ಇಳಿಜಾರು ಮಾಡಬೇಕು. ಕಲ್ಲುಗೋಡೆ ಕಟ್ಟುವಾಗ ಎರಡೂ ಮೈಗಳನ್ನು ಬೆಸೆಯುವ ಅಡ್ಡಗಲ್ಲುಗಳನ್ನು ಅಲ್ಲಲ್ಲಿ ಇಡಿಸಬೇಕು. ಬಾಗಿಲ ನೆತ್ತಿಯ ಮಟ್ಟದಲ್ಲಿ ಮನೆಯ ಸುತ್ತಲೂ ಸೊಂಟಪಟ್ಟಿಯಂತೆ ಒಂದು ಕಬ್ಬಿಣ-ಕಾಂಕ್ರೀಟಿನ ಪಟ್ಟಿಯನ್ನು ಹಾಕಿಸಿದರೆ ಗೋಡೆಗಳು ಒಂದನ್ನೊಂದು ಬಿಡುವುದಿಲ್ಲ. ಎರೆಭೂಮಿಯಲ್ಲಿ ಬುನಾದಿಯನ್ನು ಗರಸು ಹತ್ತುವವರೆಗೆ ಒಯ್ಯದಿದ್ದರೆ ಎಂಥ ಬಂಗಲೆಯಾದರೂ ಬಿರುಕು ಬಿಡುವುದು ನಿಶ್ಚಿತ.

ಕಾಂಕ್ರೀಟಿನ ಕಾವು

ಈಗ ನಾಲ್ಕೂ ಪಟ್ಟಣಗಳಲ್ಲಿ ಏಳುತ್ತಿರುವವು ಬಹುತೇಕ ಆರ್.ಸಿ.ಸಿ. ಮನೆಗಳು. ಸೋರುವುದಿಲ್ಲ, ಬೀಳುವುದಿಲ್ಲ ಎಂಬ ಭರವಸೆಯೇ ಅವುಗಳ ಆಕರ್ಷಣೆ. ಆದರೆ ನಾಲ್ಕೈದು ಅಂಗುಲದ ಸ್ಲ್ಯಾಬು ಹಗಲೆಲ್ಲ ಕಾದು, ಸಂಜೆಯಿಂದ ಮಧ್ಯರಾತ್ರಿಯವರೆಗೆ ಆ ಕಾವನ್ನು ಕೆಳಗಿರುವವರ ಮೇಲೆ ಸುರಿಯುತ್ತದೆ. ಪಂಕ ತಿರುಗಿದರೂ ಅದೇ ಬಿಸಿ ಗಾಳಿ. ಯಜಮಾನನು ಅಂಗಡಿಗೋ ಹೊಲಕ್ಕೋ ಹೋದಾನು. ಒಲೆಯ ಮುಂದಿನ ತಾಯಂದಿರು, ತೊಟ್ಟಿಲ ಕೂಸು, ಹಾಸಿಗೆ ಹಿಡಿದ ಹಿರಿಯರು ಎಲ್ಲಿಗೆ ಹೋಗಬೇಕು? ಮನೆಯ ನಕ್ಷೆ ಬರೆಯಿಸುವಾಗ ಮೊದಲು ಇವರನ್ನು ನೆನೆಯಬೇಕು.

ಉಪಾಯಗಳು ದುಬಾರಿಯಲ್ಲ. ಫಾಲ್ಗುಣ ಮಾಸದಲ್ಲಿ ಸ್ಲ್ಯಾಬಿನ ಮೇಲೆ ಬೆಳ್ಳಗೆ ಸುಣ್ಣ ಬಳಿಸಿದರೆ ಬಿಸಿಲಿನ ಬಹುಭಾಗ ಹಿಂದಿರುಗುತ್ತದೆ. ಒಡೆದ ಬಿಳಿಯ ಹೆಂಚಿನ ತುಣುಕುಗಳನ್ನು ಹಾಸಿದರೆ ವರ್ಷವರ್ಷದ ಸುಣ್ಣವೂ ಬೇಡ. ಪಶ್ಚಿಮದ ಗೋಡೆಯಲ್ಲಿ ಕಿಟಕಿಗಳನ್ನು ಕಡಿಮೆ ಮಾಡಿ, ಆ ದಿಕ್ಕಿಗೆ ಒಂದು ಬೇವಿನ ಮರವನ್ನು ಬೆಳೆಸಬೇಕು. ಎದುರುಬದುರು ಕಿಟಕಿ, ಮೇಲೊಂದು ಬೆಳಕಿಂಡಿ ಇದ್ದರೆ ಗಾಳಿ ತಾನಾಗಿ ಹರಿದಾಡುತ್ತದೆ.

ಗೋಡೆಗಳ ವಿಷಯದಲ್ಲಿಯೂ ಆಲೋಚಿಸಬೇಕು. ಇಟ್ಟಿಗೆ ಸುಡುವುದೆಂದರೆ ಹೊಲದ ಮೇಲ್ಮಣ್ಣನ್ನೂ ಕಟ್ಟಿಗೆಯನ್ನೂ ಒಟ್ಟಿಗೆ ಸುಟ್ಟಂತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆಯುವ, ಸುಡಬೇಕಿಲ್ಲದ ಇಟ್ಟಿಗೆಯನ್ನು ಬಳಕೆಗೆ ತಂದಿತು. ಅಪ್ಪಟ ಎರೆಮಣ್ಣು ಇದಕ್ಕೆ ಒಗ್ಗದು. ಮರಳು, ಗರಸು ಬೆರೆಸಿ ಹದಮಾಡಬೇಕು. ಇನ್ನು ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಅದರ ವಿರುದ್ಧ ರೈತರು ಹೋರಾಡಿದುದನ್ನೂ, 2014ರ ಜುಲೈ ತಿಂಗಳಲ್ಲಿ ಆ ಹೋರಾಟ ಗೋಲಿಬಾರಿನವರೆಗೆ ಹೋದುದನ್ನೂ ಬಾಗೇವಾಡಿ ಸೀಮೆ ಮರೆತಿಲ್ಲ. ಸ್ಥಾವರ ಬಂದಾಯಿತು, ಅದರ ಹಾರುಬೂದಿ ದಿನದಿನವೂ ಬೀಳುತ್ತಿದೆ. ಆ ಬೂದಿ ಗಾಳಿಗೆ ಹಾರಿ ಎದೆಗೆ ಸೇರುವುದಕ್ಕಿಂತ ಇಟ್ಟಿಗೆಯಾಗಿ ಗೋಡೆಗೆ ಸೇರುವುದು ಮೇಲು. ಶಾಖೋತ್ಪನ್ನ ಸ್ಥಾವರಗಳ ಸುತ್ತಮುತ್ತ ಕಟ್ಟಡಗಳಿಗೆ ಬೂದಿಯ ಇಟ್ಟಿಗೆ ಬಳಸಬೇಕೆಂದು ಕೇಂದ್ರ ಸರಕಾರವು 1999ರಿಂದಲೇ ಅಧಿಸೂಚನೆಗಳನ್ನು ಹೊರಡಿಸುತ್ತ ಬಂದಿದೆ. ನಮ್ಮ ಶಾಲೆ, ಕಲ್ಯಾಣ ಮಂಟಪಗಳ ಗುತ್ತಿಗೆದಾರರನ್ನು ಈ ಬಗ್ಗೆ ಕೇಳುವ ಹಕ್ಕು ನಮಗಿದೆ.

ಮಾಳಿಗೆಯ ಮೇಲಿನ ಕೆರೆ

ನೀರಿನ ವಿಚಾರಕ್ಕೆ ಬರೋಣ. ಆಲಮಟ್ಟಿಯಲ್ಲಿ 1964ರಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟು 2006ರಲ್ಲಿ ಲೋಕಾರ್ಪಣೆಗೊಂಡಿತು. ಆ ನೀರಿಗಾಗಿ ಎಷ್ಟೋ ಊರುಗಳು ಮುಳುಗಿ, ಅಲ್ಲಿಯವರು ಪುನರ್ವಸತಿ ಕೇಂದ್ರಗಳಿಗೆ ನಡೆದರು. ಮುಳವಾಡ, ಚಿಮ್ಮಲಗಿ, ಇಂಡಿ ಏತ ನೀರಾವರಿಗಳಿಂದ ಕಾಲುವೆಗಳೂ ಬಂದವು, ಕೆರೆಗಳಿಗೂ ನೀರು ಬಂದಿತು. ಇಷ್ಟು ತ್ಯಾಗದಿಂದ ಬಂದ ನೀರನ್ನು ನಾವು ಹೇಗೆ ಬಳಸುತ್ತಿದ್ದೇವೆ? ಓಣಿಯನ್ನು ಗೋಡೆಯಿಂದ ಗೋಡೆಗೆ ಕಾಂಕ್ರೀಟು ಮಾಡಿ ಮಳೆನೀರು ಇಂಗಲು ಅಂಗೈ ಅಗಲ ಮಣ್ಣನ್ನೂ ಉಳಿಸಿಲ್ಲ. ನಳ ಬಂದ ಮೇಲೆ ಊರ ಬಾವಿಗಳು ಕಸದ ಗುಂಡಿಗಳಾದವು.

ವಿಜಯಪುರದ ಆದಿಲಶಾಹಿ ಅರಸರು ಕೆರೆ, ಬಾವಡಿ, ಸುರಂಗ ಕಾಲುವೆಗಳ ಜಾಲದಿಂದ ಒಂದು ಮಹಾನಗರವನ್ನೇ ಸಲಹಿದರು. 1651ರ ಬೇಗಂ ತಲಾಬಿನ ನೀರು ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ಹರಿಯುತ್ತಿತ್ತು. ಅದರ ಒತ್ತಡವನ್ನು ತಗ್ಗಿಸಲು ಕಟ್ಟಿದ ಗಂಜುಗಳೆಂಬ ಗೋಪುರಗಳು ಇಂದಿಗೂ ಅಲ್ಲಲ್ಲಿ ನಿಂತಿವೆ. ವಿದ್ಯುತ್ತಿಲ್ಲದ ಕಾಲದಲ್ಲಿ ಸಾಧ್ಯವಾದ ಜಲವಿವೇಕ ನಮಗೇಕೆ ಅಸಾಧ್ಯ?

ಒಂದು ಲೆಕ್ಕವನ್ನು ಓದುಗರ ಮುಂದಿಡುತ್ತೇವೆ. 1,000 ಚದರ ಅಡಿಯ ಮಾಳಿಗೆಯ ಮೇಲೆ ವರ್ಷಕ್ಕೆ 550 ಮಿಲಿಮೀಟರ್ ಮಳೆ ಬಿದ್ದಿತೆಂದು ಹಿಡಿದರೆ ಸುಮಾರು 51,000 ಲೀಟರ್ ನೀರಾಗುತ್ತದೆ. ಐದರಲ್ಲೊಂದು ಪಾಲು ವ್ಯರ್ಥವಾದರೂ 40,000 ಲೀಟರ್ ಉಳಿದೀತು. ಐದು ಜನರ ಕುಟುಂಬಕ್ಕೆ ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ 5 ಲೀಟರಿನಂತೆ ವರ್ಷಕ್ಕೆ ಬೇಕಾದುದು ಸುಮಾರು 9,000 ಲೀಟರ್ ಮಾತ್ರ. ಅದಕ್ಕೆ 8 ಅಡಿ ಉದ್ದ, 8 ಅಡಿ ಅಗಲ, ಐದೂವರೆ ಅಡಿ ಆಳದ ಒಂದು ಮುಚ್ಚಿದ ತೊಟ್ಟಿ ಸಾಕು. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಅನಂತರದ ನೀರನ್ನು ಮರಳು-ಜಲ್ಲಿಯಲ್ಲಿ ಸೋಸಿ ತುಂಬಿಕೊಳ್ಳಬೇಕು. ಬೆಳಕು ಬೀಳದಂತೆ ಮುಚ್ಚಿಡಬೇಕು. ಕುದಿಸಿ ಆರಿಸಿ ಕುಡಿಯಬೇಕು. ಬೋರಿನ ನೀರು ಹಲವೆಡೆ ಸವಳು, ಕೆಲವೆಡೆ ಫ್ಲೋರೈಡಿನಿಂದ ದೂಷಿತವಾಗಿರುವ ನಮ್ಮ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಆರೋಗ್ಯಭಾಗ್ಯವಿಲ್ಲ. ಉಳಿದ ನೀರನ್ನು ಬಾವಿಗೆ ಇಳಿಸಬಹುದು. ಬಚ್ಚಲ ನೀರು ಗಟಾರಿಗೆ ಹೋಗದೆ ಹಿತ್ತಲಿಗೆ ಹೋದರೆ ಬಾಳೆ, ನುಗ್ಗೆ, ಕರಿಬೇವು ಬೆಳೆದಾವು.

ಮಠ-ಮಾನ್ಯಗಳ ಹೊಣೆ

ಗೃಹಸ್ಥರಿಗೆ ಉಪದೇಶ ಹೇಳುವ ಮುನ್ನ ಮಠಗಳು ತಮ್ಮ ಮಾಳಿಗೆಯನ್ನು ನೋಡಿಕೊಳ್ಳಬೇಕು. ಮಠದಲ್ಲಿಯೇ ಓದಿ ಬೆಳೆದ ನಾವು ಇದನ್ನು ಸಂಕೋಚವಿಲ್ಲದೆ ಹೇಳಬಲ್ಲೆವು. ಮಠದ ಪ್ರಸಾದ ನಿಲಯ, ಶಾಲೆ, ಕಲ್ಯಾಣ ಮಂಟಪಗಳ ಮಾಳಿಗೆಗಳು ಸಾವಿರಾರು ಚದರ ಅಡಿಗಳಷ್ಟಿರುತ್ತವೆ. ಆ ನೀರು ಮಠದ ಬಾವಿಗೆ ಇಳಿದರೆ ಓಣಿಯ ಬೋರುಗಳಿಗೂ ಜೀವ ಬಂದೀತು. ಭಕ್ತರು ನೋಡಿ ಕಲಿತಾರು. ಜಾತ್ರೆಗಾಗಿ ಇನ್ನೊಂದು ಮಹಾದ್ವಾರ ಕಟ್ಟಿಸುವ ದಾನಿಗಳು ಒಂದು ಹಳೆಯ ಬಾವಿಯ ಹೂಳೆತ್ತಿಸಿದರೆ ಅದೂ ದಾಸೋಹವೇ.

ಈ ಮಾತಿಗೆ ನಮ್ಮ ಜಿಲ್ಲೆಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ವಿಜಯಪುರದ ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ಲಿಂಗೈಕ್ಯರಾದರು. ತಮಗಾಗಿ ಯಾವ ಸ್ಮಾರಕವನ್ನೂ ಕಟ್ಟಬಾರದೆಂದು ಅವರು 2014ರಷ್ಟು ಹಿಂದೆಯೇ ಬರೆದಿಟ್ಟಿದ್ದರು. ಲಕ್ಷಾಂತರ ಭಕ್ತರಿದ್ದ ಒಬ್ಬ ಮಹಾತ್ಮರು ಒಂದು ಕಲ್ಲನ್ನೂ ತಮಗಾಗಿ ಬೇಡಲಿಲ್ಲ. ಅಗತ್ಯಕ್ಕೆ ಮೀರಿ ಕಟ್ಟದಿರುವುದು ಎಲ್ಲ ಹಸಿರು ಕಟ್ಟಡಗಳಿಗಿಂತ ಹಸಿರಾದುದೆಂಬುದನ್ನು ಅವರ ಬಾಳು ಸಾರಿತು. ಮಕ್ಕಳ ಮದುವೆಗೆ ಮುನ್ನ ನಾಲ್ಕು ಜನ ನೋಡಲೆಂದು ಸಾಲ ಮಾಡಿ ಮೇಲಂತಸ್ತು ಏರಿಸುವ ಕುಟುಂಬಗಳು ಇದನ್ನು ಮನನ ಮಾಡಬೇಕು.

ಬಸವ ಜಯಂತಿ ಬರುವುದು ಅಕ್ಷಯ ತೃತೀಯದಂದು. ನಮ್ಮ ಕಡೆ ಎಷ್ಟೋ ಮನೆಗಳ ಬುನಾದಿ ಬೀಳುವುದು ಅದೇ ಶುಭದಿನ. ಅಂದು ಗುದ್ದಲಿ ಪೂಜೆ ಮಾಡುವ ಬಂಧುಗಳು ಮೂರು ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಳ್ಳಲಿ: ಇಷ್ಟು ದೊಡ್ಡ ಮನೆ ನಮಗೆ ಬೇಕೆ? ವೈಶಾಖದ ಮಧ್ಯಾಹ್ನದಲ್ಲಿ ಮನೆಯ ಹಿರಿಯರು ಇಲ್ಲಿ ನೆಮ್ಮದಿಯಿಂದ ಮಲಗಬಲ್ಲರೆ? ಈ ಮಾಳಿಗೆಯ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ? ಈ ಮೂರಕ್ಕೂ ಪ್ರಾಮಾಣಿಕವಾದ ಉತ್ತರ ಕಂಡುಕೊಂಡು ಕಟ್ಟಿದ ಮನೆ ಚಿಕ್ಕದಾದರೂ ಮಹಾಮನೆಯ ಕಳೆಯನ್ನು ಪಡೆದೀತು. ಹಾಗೆ ಕಟ್ಟುವ ಸದ್ಬುದ್ಧಿ ನಮ್ಮೆಲ್ಲರಿಗೂ ಒದಗಿ ಬರಲಿ.