ಮಧುಮೇಹವಿರುವ ಮಗುವಿನ ಊಟದ ಲೆಕ್ಕ: ಶಿಕ್ಷಕರು ತಿಳಿದಿರಬೇಕಾದದ್ದು

ಬೋಧನಾಭ್ಯಾಸಕ್ಕೆ ಹೋದಾಗ ನಮ್ಮ ಕೈಗೆ ಹಾಜರಿ ಪುಸ್ತಕ ಬರುತ್ತದೆ. ಯಾವ ಮಗುವಿಗೆ ಯಾವ ಕಾಯಿಲೆಯಿದೆ ಎಂಬುದು ಅದರಲ್ಲಿ ಇರುವುದಿಲ್ಲ. ಟೈಪ್ 1 ಮಧುಮೇಹವಿರುವ ಮಗುವಿನ ವಿಷಯದಲ್ಲಿ ಇದು ಅಪಾಯಕ್ಕೆ ದಾರಿಯಾಗಬಹುದು.

ಈ ಕಾಯಿಲೆ ಸಿಹಿ ತಿಂದು ಬರುವುದಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜ್ಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಇನ್ಸುಲಿನ್ ಅನ್ನು ಹೊರಗಿನಿಂದಲೇ, ಪ್ರತಿದಿನ ಕೊಡಬೇಕು.

ಮನೆಯಲ್ಲಿ ನಡೆಯುವ ಲೆಕ್ಕ

ಮಗು ಎಷ್ಟು ಶರ್ಕರಪಿಷ್ಟ ತಿನ್ನುತ್ತದೆ, ಎಷ್ಟು ಓಡಾಡುತ್ತದೆ ಎಂದು ನೋಡಿ ತಂದೆತಾಯಿ ವೈದ್ಯರ ಸಲಹೆಯಂತೆ ಇನ್ಸುಲಿನ್ ಪ್ರಮಾಣ ಹೊಂದಿಸುತ್ತಾರೆ. ಬಿನ್ನಿಪೇಟೆಯಂಥ ಕಡೆ ಬೆಳಿಗ್ಗೆಯೇ ಕೆಲಸಕ್ಕೆ ಹೊರಡುವ ಪೋಷಕರಿಗೆ ಮಧ್ಯಾಹ್ನದ ತಟ್ಟೆ ಕಾಣುವುದಿಲ್ಲ. ಶಾಲೆಯ ಊಟದಲ್ಲಿ ಮೊಟ್ಟೆ ತಿಂದರೆ ಶರ್ಕರಪಿಷ್ಟ ಒಂದು ಗ್ರಾಮಿಗಿಂತ ಕಡಿಮೆ. ಅದರ ಬದಲು ದೊಡ್ಡ ಬಾಳೆಹಣ್ಣು ತಿಂದರೆ ಸುಮಾರು 25 ಗ್ರಾಂ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ 150 ಮಿ.ಲೀ. ಹಾಲಿಗೆ ಸಕ್ಕರೆ ಬೆರೆಸಿದ್ದರೆ ಅದೂ ಲೆಕ್ಕಕ್ಕೆ ಸೇರಬೇಕು. ಮಗು ಏನು ತಿಂದಿತು, ಎಷ್ಟು ಬಿಟ್ಟಿತು ಎಂದು ಶಿಕ್ಷಕರು ಡೈರಿಯಲ್ಲಿ ಒಂದು ಸಾಲು ಬರೆದರೆ ಮನೆಯ ಲೆಕ್ಕ ಸರಿಯಾಗುತ್ತದೆ.

ತರಗತಿಯಲ್ಲಿ ಲೆಕ್ಕ ತಪ್ಪುವುದು ಹೇಗೆ?

ಆಟದ ಅವಧಿಯನ್ನು ಊಟಕ್ಕೆ ಮುಂಚೆ ಹಾಕಿದರೆ, ಊಟ ಅರ್ಧ ಗಂಟೆ ತಡವಾದರೆ, ಬೆಳಿಗ್ಗೆ ಚುಚ್ಚಿದ ಇನ್ಸುಲಿನ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಸಕ್ಕರೆ ಇಳಿಯುತ್ತದೆ. ಬೆವರು, ಕೈನಡುಕ, ಮಂಕುತನ, ಸಿಡುಕು ಇದರ ಲಕ್ಷಣಗಳು. ನಮಗೆ ಅದು ಪಾಠದ ಮೇಲೆ ಗಮನವಿಲ್ಲದಂತೆ ಕಾಣಬಹುದು.

ಶಿಕ್ಷಕರು ಮಾಡಬಹುದಾದದ್ದು

1. ರಕ್ತದ ಸಕ್ಕರೆ 70 ಮಿ.ಗ್ರಾಂ.ಗಿಂತ ಇಳಿದರೆ, ಅಥವಾ ಅಳೆಯಲಾಗದೆ ಲಕ್ಷಣ ಕಂಡರೆ, ಮೂರು ಚಮಚ ಸಕ್ಕರೆ ಅಥವಾ 15 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ.
2. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ.
3. ಮಗುವನ್ನು ಒಂಟಿಯಾಗಿ ಎಲ್ಲಿಗೂ ಕಳುಹಿಸಬೇಡಿ.
4. ಪಾಠದ ಮಧ್ಯೆ ತಿನ್ನಲು, ನೀರು ಕುಡಿಯಲು, ಶೌಚಾಲಯಕ್ಕೆ ಹೋಗಲು ಬಿಡಿ. ಸಿ.ಬಿ.ಎಸ್.ಇ. 2017ರಲ್ಲಿಯೇ ಬೋರ್ಡ್ ಪರೀಕ್ಷೆಯ ಕೊಠಡಿಗೂ ಇಂಥ ಮಕ್ಕಳು ತಿನಿಸು ಒಯ್ಯಲು ಅನುಮತಿ ಕೊಟ್ಟಿದೆ.

ಹತ್ತನೇ ತರಗತಿಯಲ್ಲಿ ಹಾರ್ಮೋನುಗಳ ಪಾಠ ಮಾಡುವಾಗ ಆ ಮಗುವನ್ನು ಉದಾಹರಣೆಯಾಗಿ ತೋರಿಸಬಾರದು. ಆದರೆ ಪಾಠಯೋಜನೆ ಬರೆಯುವ ಮೊದಲು, ಇಂಥ ಮಗು ತರಗತಿಯಲ್ಲಿ ಇದೆಯೇ ಎಂದು ಮಾರ್ಗದರ್ಶಕ ಶಿಕ್ಷಕರನ್ನು ಕೇಳಿ ತಿಳಿದುಕೊಳ್ಳುವುದು ನಮ್ಮ ಪೂರ್ವಸಿದ್ಧತೆಯ ಭಾಗವಾಗಬೇಕು.